ಸತ್ತ ಕುದುರೆಯ ಬಾಲಕ್ಕೆ ಪೂರ್ತಿ ದರ

ಬೆಳಗಾವಿಯ ಆಟೋ ನಗರದಲ್ಲಿ ಒಂದು ಪ್ರತಿಮೆ ಆಗಬೇಕು. ಪ್ರತಿಮೆ ಎಂದ ಕೂಡಲೇ ಈ ಊರಿನಲ್ಲಿ ಪೊಲೀಸರ ರಜೆ ರದ್ದಾಗುತ್ತದೆ ಎಂಬುದು ಗೊತ್ತು. ಕುದುರೆಯ ಮೇಲೆ ಯಾರು ಕೂರಬೇಕು, ಕೂತವರ ಮುಖ ಯಾವ ದಿಕ್ಕಿಗಿರಬೇಕು, ಕೆಳಗಿನ ಫಲಕ ಯಾವ ಭಾಷೆಯಲ್ಲಿರಬೇಕು ಎಂದು ತೀರ್ಮಾನವಾಗುವಷ್ಟರಲ್ಲಿ ಎರಡು ಸರ್ಕಾರ ಬಂದು ಹೋಗಿರುತ್ತವೆ. ನಾನು ಕೇಳುತ್ತಿರುವ ಪ್ರತಿಮೆಗೆ ಆ ತೊಂದರೆಯಿಲ್ಲ. ಸವಾರನಿಲ್ಲ, ಖಡ್ಗವಿಲ್ಲ, ಕುದುರೆಯೂ ಇಲ್ಲ. ಬರೀ ಬಾಲ. ಎರಡಾಳೆತ್ತರದ ಕಂಚಿನ ಬಾಲ. ಅದಕ್ಕೆ ಜಾತಿಯಿಲ್ಲ, ಮಾತೃಭಾಷೆಯಿಲ್ಲ, ಮಹಾಜನ ವರದಿಯಲ್ಲಿ ಅದರ ಪ್ರಸ್ತಾಪವಿಲ್ಲ. ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನದಲ್ಲಿ ಆಡಳಿತ ಪಕ್ಷವೂ ವಿರೋಧ ಪಕ್ಷವೂ ಒಂದೇ ದಿನ ಒಪ್ಪಬಹುದಾದ ಏಕೈಕ ಪ್ರತಿಮೆ ಇದು. ಏಕೆಂದರೆ ಎಲ್ಲ ಪಕ್ಷಗಳೂ ಅಧಿಕಾರದಲ್ಲಿದ್ದಾಗ ಅದಕ್ಕೆ ಹಣ ತೆತ್ತಿವೆ.

ಬಾಲದ ಪೂರ್ವಚರಿತ್ರೆ ಹೀಗಿದೆ. ಫೆರ್ನಾವ್ ನೂನಿಜ್ ಎಂಬ ಪೋರ್ಚುಗೀಸ 1535ರ ಸುಮಾರಿಗೆ ವಿಜಯನಗರದಲ್ಲಿದ್ದ. ಕುದುರೆ ವ್ಯಾಪಾರಿಯೇ ಇದ್ದಿರಬೇಕೆಂದು ಇತಿಹಾಸಕಾರರು ಹೇಳುತ್ತಾರೆ. ತನ್ನ ಕಾಲಕ್ಕೆ ಅರ್ಧ ಶತಮಾನ ಹಿಂದಿನ ಸಾಳುವ ನರಸಿಂಹನ ಬಗ್ಗೆ ಅವನು ಒಂದು ಸಂಗತಿ ಬರೆದಿಟ್ಟಿದ್ದಾನೆ. ನರಸಿಂಹ ಹೊರ್ಮುಜ್ ಮತ್ತು ಏಡನ್‌ನಿಂದ ಕುದುರೆ ತರಿಸುತ್ತಿದ್ದ. ವ್ಯಾಪಾರಿಗಳು ಬಾಯಿಬಿಟ್ಟು ಕೇಳಿದ ಬೆಲೆ ಕೊಡುತ್ತಿದ್ದ. ಸಾವಿರ ಪರ್ದಾವ್‌ಗೆ, ಎಂದರೆ ನಮ್ಮ ಸಾವಿರ ವರಹಕ್ಕೆ, ಮೂರು ಕುದುರೆ. ಬದುಕಿದ್ದರೂ ಸರಿ, ಸತ್ತಿದ್ದರೂ ಸರಿ. ಸಮುದ್ರದ ನಡುವೆ ಸತ್ತ ಕುದುರೆಯ ಬಾಲವನ್ನಷ್ಟೇ ಕತ್ತರಿಸಿ ತಂದರೂ ಜೀವಂತ ಕುದುರೆಯ ಬೆಲೆ ಎಣಿಸಿ ಕೊಡುತ್ತಿದ್ದ.

ಈ ಸಂಗತಿಯನ್ನು ಆಟೋ ನಗರದ ಒಬ್ಬ ಮಿಸ್ತ್ರಿಗೆ ಹೇಳಿದೆ. ಲಾರಿಯ ಅಡಿಯಿಂದ ತಲೆ ಹೊರಗೆ ಹಾಕಿ ಕೇಳಿದ: “ಅಲ್ರೀ ಸಾಹೇಬ್ರ, ಬರೇ ಬಾಲ ನೋಡಿ ರೊಕ್ಕ ಕೊಟ್ರ? ಛಾಸಿ ನಂಬರ್ ತಾಳೆ ನೋಡ್ಲಿಲ್ಲೇನ್ರಿ ಯಾರೂ? ಒಂದ ಬಾಲ ಎಷ್ಟ ಸಲ ಕೌಂಟರಿಗೆ ಬಂದಿರತೈತೊ ಯಾರಿಗ್ಗೊತ್ತ್ರಿ!” ವಿಜಯನಗರದ ಆರ್ಥಿಕ ನೀತಿಯ ಮೇಲೆ ಇಷ್ಟು ಚಿಕ್ಕದಾದ, ಇಷ್ಟು ಚೊಕ್ಕವಾದ ವಿಮರ್ಶೆಯನ್ನು ನಾನು ಯಾವ ವಿಶ್ವವಿದ್ಯಾಲಯದ ಪ್ರಬಂಧದಲ್ಲೂ ಓದಿಲ್ಲ.

ಹಾಗೆಂದು ನರಸಿಂಹನನ್ನು ದಡ್ಡನೆಂದು ನಗುವುದು ಸುಲಭ, ಆದರೆ ಸರಿಯಲ್ಲ. ಅವನ ಲೆಕ್ಕ ಅವನಿಗಿತ್ತು. ದಖ್ಖನಿನ ಹವೆಯಲ್ಲಿ ಯುದ್ಧಕ್ಕೆ ಒದಗುವ ದೊಡ್ಡ ಕುದುರೆಯ ತಳಿ ಬೆಳೆಯುತ್ತಿರಲಿಲ್ಲ. ಉತ್ತರಕ್ಕೆ ಬಹಮನಿಗಳು, ಅವರ ಅಶ್ವದಳ. ಅರಬ್ ವ್ಯಾಪಾರಿ ನಷ್ಟಕ್ಕೆ ಹೆದರಿ ಹಡಗು ತಿರುಗಿಸಿದರೆ ಆ ಕುದುರೆ ವೈರಿಯ ಲಾಯ ಸೇರುತ್ತದೆ. ಆದ್ದರಿಂದ ವ್ಯಾಪಾರಿಯ ನಷ್ಟವನ್ನೆಲ್ಲ ರಾಜ್ಯವೇ ಹೊತ್ತುಕೊಂಡಿತು. ಇದನ್ನು ಈಗಿನವರು ‘ಹೂಡಿಕೆದಾರಸ್ನೇಹಿ ವಾತಾವರಣ’ ಎನ್ನುತ್ತಾರೆ. ಕೃಷ್ಣದೇವರಾಯ ತೆಲುಗಿನಲ್ಲಿ ಬರೆದ ‘ಆಮುಕ್ತಮಾಲ್ಯದ’ದಲ್ಲಿ ಅರಸನಾದವನಿಗೆ ಇದೇ ಉಪದೇಶವಿದೆ: ಬಂದರುಗಳನ್ನು ಸುಧಾರಿಸು, ಆನೆ, ಒಳ್ಳೆಯ ಕುದುರೆ ತರುವ ದೂರದೇಶದ ವರ್ತಕರಿಗೆ ಊರು ಕೊಡು, ಮನೆ ಕೊಡು, ದರ್ಶನ ಕೊಡು, ಕೈತುಂಬ ಲಾಭ ಕೊಡು, ಆ ಸರಕು ಶತ್ರುವಿನ ಪಾಲಾಗದಂತೆ ನೋಡಿಕೊ. ನಮ್ಮ ಕೈಗಾರಿಕಾ ನೀತಿಗಳು ಇದಕ್ಕೆ ಹೊಸದಾಗಿ ಸೇರಿಸಿದ್ದು ಪವರ್‌ಪಾಯಿಂಟ್ ಒಂದೇ.

ಕೊಡುವವನು ಅರಸ ಸರಿ, ತೆರುವವರು ಯಾರು? ರಾಯರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರೆಂದು ನೂನಿಜ್ ಬರೆಯುತ್ತಾನೆ. ಒಳ್ಳೆಯವನ್ನು ತಮ್ಮ ಲಾಯಕ್ಕೆ ಇಟ್ಟುಕೊಂಡು ಉಳಿದದ್ದನ್ನು ನಾಯಕರಿಗೆ ದಾಟಿಸಿ, ಅದರಲ್ಲೂ ಲಾಭ ಮಾಡಿಕೊಳ್ಳುತ್ತಿದ್ದರಂತೆ. ನಾಯಕರು ಆ ಹಣವನ್ನು ತಮಗೆ ಕೊಟ್ಟ ಸೀಮೆಯ ಒಕ್ಕಲಿನಿಂದ ಎತ್ತುತ್ತಿದ್ದರು. ಒಕ್ಕಲು ಬೆಳೆದ ಹತ್ತು ಪಾಲಿನಲ್ಲಿ ಒಂಬತ್ತು ಒಡೆಯನಿಗೆ ಹೋಗುತ್ತಿತ್ತೆಂದು ನೂನಿಜ್ ಹೇಳುತ್ತಾನೆ. ಒಂಬತ್ತು ಪಾಲೆಂಬುದು ಉತ್ಪ್ರೇಕ್ಷೆ ಎನ್ನುವ ಇತಿಹಾಸಕಾರರಿದ್ದಾರೆ. ಇರಲಿ, ಅರ್ಧವೆಂದೇ ಹಿಡಿಯೋಣ. ಖುಷ್ಕಿ ಹೊಲದ ಜೋಳ ವರಹವಾಗಿ, ವರಹ ಹೊರ್ಮುಜಿಗೆ ಹೋಗಿ, ಹೊರ್ಮುಜಿನಿಂದ ಬಾಲವಾಗಿ ಮರಳಿ ಬಂದದ್ದಂತೂ ಖರೆ. ಬಾಲ ಬಂದ ದಿನ ಅರಮನೆಯಲ್ಲಿ ಅದನ್ನು ವಿದೇಶಿ ವ್ಯಾಪಾರದ ಪ್ರಗತಿ ಎಂದೇ ಬರೆದುಕೊಂಡಿರಬೇಕು. ಒಕ್ಕಲಿಗ ಅದನ್ನು ಏನೆಂದು ಕರೆದ ಎಂಬುದನ್ನು ಯಾವ ಶಾಸನವೂ ದಾಖಲಿಸಿಲ್ಲ. ಶಾಸನದ ಕಲ್ಲಿಗೂ ಒಂದು ಮರ್ಯಾದೆ ಇದೆ.

ಈ ಕಥೆಯೊಳಗೆ ಬೆಳಗಾವಿ ಬರುವುದು ಕುದುರೆಯ ಬೆನ್ನ ಮೇಲೆ ಅಲ್ಲ, ಲೆಕ್ಕದ ಪುಸ್ತಕದ ಮೇಲೆ. ಬೀದರಿನ ಬಹಮನಿ ವಜೀರ ಮಹಮೂದ್ ಗವಾನ್ ಮೂಲತಃ ಇರಾನಿನ ಗಿಲಾನದ ವರ್ತಕ. ಅವನಿಗಿದ್ದ ಬಿರುದು ಮಲಿಕ್-ಉತ್-ತುಜ್ಜಾರ್, ಎಂದರೆ ವರ್ತಕರ ಒಡೆಯ. ಸೇನಾಪತಿಗೆ ಅಂಥ ಬಿರುದಿದ್ದರೆ ದಂಡಯಾತ್ರೆಯ ದಾರಿಯೂ ಮಾರುಕಟ್ಟೆಯ ದಾರಿಯೇ ಆಗಿರುತ್ತದೆ. ಅವನು ಮೊದಲು ಹಿಡಿದದ್ದು ಗೋವೆಯ ಬಂದರನ್ನು. ಬೆಳಗಾವಿಯ ಅರಸ ವಿಜಯನಗರದ ಕಡೆ ಸೇರಿ ಅದನ್ನು ಕಸಿಯಲು ನೋಡಿದ. 1472-73ರಲ್ಲಿ ಬಹಮನಿ ಸೇನೆ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿತು, ಕೋಟೆ ಬಿತ್ತು. ಬಂದರು ಕೈಯಲ್ಲಿದ್ದು ಘಟ್ಟದ ಬಾಗಿಲು ಕೈಯಲ್ಲಿಲ್ಲದಿದ್ದರೆ ಕುದುರೆಗಳು ಕಡಲದಂಡೆಯಲ್ಲೇ ಹುಲ್ಲು ಮೇಯಬೇಕಾಗುತ್ತದೆ. ಬೆಳಗಾವಿ ಆ ಬಾಗಿಲು. ಇಂದಿಗೂ ಈ ಊರನ್ನು ಎರಡು ರಾಜ್ಯಗಳು ಜಗ್ಗಾಡುತ್ತಿವೆ, ಕಾರಣ ಮಾತ್ರ ಭಾಷೆ ಎನ್ನುತ್ತವೆ. ಆಗಿನವರು ಸುಂಕಕ್ಕಾಗಿ ಎಂದು ನೇರವಾಗಿ ಒಪ್ಪಿಕೊಳ್ಳುತ್ತಿದ್ದರು.

ಅದೇ ಕಾಲಕ್ಕೆ ರಷ್ಯದ ಅಫನಾಸಿ ನಿಕಿಟಿನ್ ಎಂಬ ಸಣ್ಣ ವ್ಯಾಪಾರಿ ಒಂದೇ ಒಂದು ಕುದುರೆ ಹಿಡಿದುಕೊಂಡು ಬಹಮನಿ ರಾಜ್ಯಕ್ಕೆ ಬಂದ. ಜುನ್ನಾರಿನಲ್ಲಿ ಅಲ್ಲಿನ ಖಾನ ಕುದುರೆಯನ್ನು ಕಿತ್ತುಕೊಂಡು, ಮತ ಬದಲಿಸು, ಇಲ್ಲವಾದರೆ ಕುದುರೆಯೂ ಹೋಯಿತು, ದಂಡವೂ ಬಿತ್ತು ಎಂದ. ಪುಣ್ಯಕ್ಕೆ ಪರಿಚಯದವರೊಬ್ಬರು ಬಿಡಿಸಿಕೊಟ್ಟರು. ಕೊನೆಗೆ ಅವನು ಬರೆದದ್ದು ಇಷ್ಟು: ಇಲ್ಲಿ ನಮ್ಮ ಸರಕು ಬೇಕಾದಷ್ಟಿದೆ ಎಂದು ನಂಬಿಸಿದರು, ನಮ್ಮ ದೇಶಕ್ಕೆ ಒಯ್ಯುವಂಥದ್ದೇನೂ ಇಲ್ಲ, ಮೆಣಸು, ಬಣ್ಣ ಅಗ್ಗ, ಆದರೆ ಸುಂಕ ಜಾಸ್ತಿ, ಸಮುದ್ರದಲ್ಲಿ ಕಳ್ಳರು. ದೊಡ್ಡ ವ್ಯಾಪಾರಿ ಬಾಲ ತಂದರೂ ಪೂರ್ತಿ ದರ. ಸಣ್ಣ ವ್ಯಾಪಾರಿ ಪೂರ್ತಿ ಕುದುರೆ ತಂದರೂ ಜಪ್ತಿ. ಈ ಎರಡನೆಯ ನಿಯಮ ಯಾವ ನೀತಿಪುಸ್ತಕದಲ್ಲೂ ಬರೆದಿಲ್ಲ, ಆದರೂ ಐದು ಶತಮಾನಗಳಿಂದ ಒಂದು ದಿನವೂ ತಪ್ಪದೆ ಜಾರಿಯಲ್ಲಿದೆ. ಉದ್ಯಮಬಾಗಿನಲ್ಲಿ ಎರಡು ಲೇತ್ ಇಟ್ಟುಕೊಂಡು ಜಿಎಸ್‌ಟಿ ಕಟ್ಟುವ ಯಾರನ್ನಾದರೂ ಕೇಳಿ ನೋಡಿ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂದು ನಿಕಿಟಿನ್‌ಗೆ ಯಾರೂ ಕನ್ನಡದಲ್ಲಿ ಹೇಳಿಕೊಟ್ಟಿರಲಿಲ್ಲ, ಪಾಪ.

ಇನ್ನು ಆಟೋ ನಗರಕ್ಕೆ ನೇರವಾಗಿ ಸಂಬಂಧಪಟ್ಟ ಸಾಕ್ಷಿ. ಮಾರ್ಕೊ ಪೋಲೊ 13ನೇ ಶತಮಾನದ ಕೊನೆಯಲ್ಲಿ ಪಾಂಡ್ಯರ ಕರಾವಳಿ ಕಂಡು ಬರೆದ: ಅಲ್ಲಿನ ಅರಸ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕುದುರೆ ಕೊಳ್ಳುತ್ತಾನೆ, ವರ್ಷದ ಕೊನೆಗೆ ನೂರೂ ಉಳಿಯುವುದಿಲ್ಲ. ಕುದುರೆಯನ್ನು ಸಾಕುವುದು ಹೇಗೆ, ಅದಕ್ಕೆ ಮದ್ದು ಏನು ಎಂದು ಅಲ್ಲಿ ಯಾರಿಗೂ ತಿಳಿಯದು. ಕುದುರೆ ತರುವ ವ್ಯಾಪಾರಿಗಳು ನಾಲು ಹೊಡೆಯುವವರನ್ನು ತಾವೂ ಕರೆತರುವುದಿಲ್ಲ, ಬೇರೆಯವರು ಬರಲೂ ಬಿಡುವುದಿಲ್ಲ. ಕುದುರೆ ಸಾಯುತ್ತಿದ್ದರೆ ತಾನೆ ಮುಂದಿನ ವರ್ಷ ಮತ್ತೆ ಹಡಗು ತುಂಬುವುದು!

ಇದನ್ನು ಓದಿದ ಮೇಲೆ ಆಟೋ ನಗರದ ಬೀದಿಯಲ್ಲಿ ನಡೆಯುವುದೇ ಬೇರೆ ಅನುಭವ. ಒಂದು ಕಡೆ ಕೆಎಸ್‌ಸಿಎ ಮೈದಾನ, ಹುಲ್ಲು ಹಸಿರು. ಇನ್ನೊಂದು ಕಡೆ ಎಣ್ಣೆ ಕುಡಿದು ಕಪ್ಪಾದ ನೆಲ, ಬಿಚ್ಚಿಟ್ಟ ಗೇರ್‌ಬಾಕ್ಸು, ಕಮಾನು ಪಟ್ಟಿ ಕಾಯಿಸುವ ಬೆಂಕಿ, ವೆಲ್ಡಿಂಗಿನ ಕಿಡಿ. ಇಲ್ಲಿ ಕಂಪನಿ ‘ಈ ಮಾಡೆಲ್ಲಿನ ಬಿಡಿಭಾಗ ನಿಂತುಹೋಗಿದೆ, ಹೊಸ ಗಾಡಿ ತಗೊಳ್ಳಿ’ ಎಂದ ಲಾರಿಗೆ ಅದೇ ಭಾಗವನ್ನು ಲೇತಿನಲ್ಲಿ ಕಡೆದು ಕೂರಿಸಿ, ಸಂಜೆಗೆ ಚೋರ್ಲಾ ಘಾಟಿಗೆ ಕಳಿಸುತ್ತಾರೆ. ಹೊರ್ಮುಜಿನ ವ್ಯಾಪಾರಿಗಳು ಯಾವುದಕ್ಕೆ ಹೆದರಿ ನಾಲಗಾರರನ್ನು ತಡೆದರೋ ಆ ಭಯ ಇಲ್ಲಿ ಕೈಯಲ್ಲಿ ಸ್ಪಾನರ್ ಹಿಡಿದು ನಿಂತಿದೆ. ಇಡೀ ಮಧ್ಯಯುಗದ ವಿದೇಶಿ ವ್ಯಾಪಾರದ ಕೊರತೆ ಏನೆಂದು ಒಂದೇ ಮಾತಿನಲ್ಲಿ ಹೇಳೆಂದರೆ, ಅವರಿಗೆ ಬಂದರು ಇತ್ತು, ಖಜಾನೆ ಇತ್ತು, ಆಟೋ ನಗರ ಇರಲಿಲ್ಲ.

ಕೊಳ್ಳುವವನಿಗೆ ರಿಪೇರಿ ಗೊತ್ತಿಲ್ಲದಿದ್ದರೆ ಮಾರುವವನು ಏನೆಲ್ಲ ಆಟ ಆಡಬಹುದೆಂದು ಪೋರ್ಚುಗೀಸರು ತೋರಿಸಿದರು. 1510ರಲ್ಲಿ ಅಲ್ಬುಕರ್ಕ್ ಗೋವೆಯನ್ನು ಹಿಡಿದ. ಹಿಡಿಯಲು ಕೈಹಿಡಿದು ಕರೆದೊಯ್ದವನು ನಮ್ಮ ಹೊನ್ನಾವರದ ಕಡೆಯ ತಿಮ್ಮಯ್ಯ. ಅಷ್ಟರಲ್ಲಾಗಲೇ ಸಮುದ್ರಕ್ಕೂ ಪರವಾನಗಿ ಬಂದಿತ್ತು. ‘ಕರ್ತಾಸ್’ ಎಂಬ ಚೀಟಿ ಇಲ್ಲದ ಹಡಗು ಪೋರ್ಚುಗೀಸರ ಕಣ್ಣಿಗೆ ಬಿದ್ದರೆ ಸರಕು ಸಮೇತ ಜಪ್ತಿ. ದೇವರು ಮಾಡಿದ ನೀರಿನ ಮೇಲೆ ಟೋಲ್ ನಾಕಾ ಇಟ್ಟ ಜನ ಅವರು. ನಮ್ಮ ಹೆದ್ದಾರಿಯ ಫಾಸ್ಟ್ಯಾಗ್ ಅದರ ಮರಿಮಗ.

ಆಮೇಲೆ ಅವರ ಒಪ್ಪಂದಗಳು. 1547ರ ಸೆಪ್ಟೆಂಬರಿನಲ್ಲಿ ಗವರ್ನರ್ ಜುವಾವ್ ದ ಕಾಸ್ತ್ರೋ ಸದಾಶಿವರಾಯನ ಜೊತೆ ಸಹಿ ಹಾಕಿದ: ಗೋವೆಗೆ ಇಳಿಯುವ ಕುದುರೆಯೆಲ್ಲ ವಿಜಯನಗರಕ್ಕೆ, ಬಿಜಾಪುರಕ್ಕೆ ಒಂದೂ ಇಲ್ಲ, ಪ್ರತಿಯಾಗಿ ವಿಜಯನಗರದ ವರ್ತಕರು ಪೋರ್ಚುಗೀಸರ ಕೋಠಿಗಳಿರುವ ಬಂದರಿಗೇ ಸರಕು ಒಯ್ಯಬೇಕು. ವಿಜಯನಗರದಲ್ಲಿ ಹಬ್ಬ ಮಾಡಿದ್ದರೆ ಅದರ ತಳಿರು ಒಣಗುವ ಮೊದಲೇ, 1548ರಲ್ಲಿ, ಗೋವೆ ಬಿಜಾಪುರದ ಜೊತೆಗೂ ಒಪ್ಪಂದ ಮಾಡಿಕೊಂಡಿತು. ಇಬ್ಬರೂ ‘ನಮ್ಮದು ವಿಶೇಷ ಸಂಬಂಧ’ ಎಂದುಕೊಂಡರು. ಈ ಎರಡರ ನಡುವೆ ಬೆಳಗಾವಿ ಬಿಜಾಪುರದ ಅಸದ್ ಖಾನ್ ಲಾರಿಯ ಕೈಯಲ್ಲಿತ್ತು. ಕೋಟೆಯೊಳಗೆ 1519ರಲ್ಲಿ ಸಫಾ ಮಸೀದಿ ಕಟ್ಟಿಸಿದವನು ಅವನೇ. ಸುಲ್ತಾನನಿಗೂ ಗೋವೆಗೂ ವಿಜಯನಗರಕ್ಕೂ ಏಕಕಾಲಕ್ಕೆ ಬೇಕಾದವನಾಗಿ, ಯಾರಿಗೂ ಪೂರ್ತಿ ಸಿಗದೆ ದಶಕಗಟ್ಟಲೆ ಬಾಳಿದ. ಬೆಳಗಾವಿಯ ರಾಜಕಾರಣ ಬೆಂಗಳೂರಿಗೆ ಯಾಕೆ ಅರ್ಥವಾಗುವುದಿಲ್ಲ ಎಂದು ಕೇಳುವವರು ಅವನ ಜೀವನಚರಿತ್ರೆಯಿಂದ ಓದು ಶುರು ಮಾಡಬೇಕು.

1565ರಲ್ಲಿ ಗಿರಾಕಿಗಳಿಬ್ಬರೂ ಕೃಷ್ಣಾ ತೀರದಲ್ಲಿ ಬಡಿದಾಡಿಕೊಂಡರು. ವಿಜಯನಗರ ಸುಟ್ಟುಹೋಯಿತು. ಇಲ್ಲೊಂದು ತಮಾಷೆಯಿದೆ: ಆ ಪೆಟ್ಟು ಗೋವೆಗೂ ಬಿತ್ತು. ಕುದುರೆ, ಮಖಮಲ್ಲು ಕೊಳ್ಳುವ ದೊಡ್ಡ ಗಿರಾಕಿಯೇ ಸತ್ತ ಮೇಲೆ ಗೋವೆಯ ಸುಂಕದ ಮನೆ ಸೊರಗಿತು, ಊರವರ ಬಾಳು ಇಳಿಮುಖವಾಯಿತು ಎಂದು ಪೋರ್ಚುಗೀಸ್ ಚರಿತ್ರಕಾರ ಕೌಟೊ ಅಳಲು ತೋಡಿಕೊಂಡಿದ್ದಾನೆ. ಎರಡು ಶತಮಾನ ಲಕ್ಷಾಂತರ ವರಹ ಸುರಿದು ತರಿಸಿದ ಕುದುರೆಗಳಿಂದ ನಾಡಿಗೆ ಉಳಿದದ್ದು ಏನು? ಹಂಪಿಯ ಗೋಡೆಗಳ ಮೇಲೆ ಸಾಲುಗಟ್ಟಿ ನಿಂತ ಕಲ್ಲಿನ ಕುದುರೆಗಳು. ಅವುಗಳಿಗಾದರೂ ಬಾಲವಿದೆ, ದೇಹವೂ ಇದೆ, ಮೇವು ಬೇಕಿಲ್ಲ.

ಈಗ ಸರ್ಕಾರ ಕೇಳದ, ಅರಸ ಸಹಿ ಹಾಕದ ಆಮದುಗಳ ಕಡೆ ನೋಡಿ. ಅದೇ ಪೋರ್ಚುಗೀಸ್ ಹಡಗುಗಳ ಮೂಲೆಯಲ್ಲಿ ಅಮೆರಿಕ ಖಂಡದ ಕೆಲವು ಬೀಜ, ಗಡ್ಡೆಗಳು ಬಂದಿಳಿದವು. ಮೆಣಸಿನಕಾಯಿ ಬಂತು, ಬ್ಯಾಡಗಿಯ ಹೆಸರು ಹೊತ್ತಿತು. ತಂಬಾಕು ಬಂತು, ನಿಪ್ಪಾಣಿಯ ಪೇಟೆ ಕಟ್ಟಿತು. ಗೋಡಂಬಿ ಘಟ್ಟ ಹತ್ತಿ ಖಾನಾಪುರದ ಕಲ್ಲುನೆಲದಲ್ಲಿ ಬೇರೂರಿತು. ಗೆಣಸು ಬಂದು ಬೆಳಗಾವಿ, ಖಾನಾಪುರದ ಕೆಂಪು ಮಣ್ಣನ್ನೇ ತವರು ಮಾಡಿಕೊಂಡಿತು. ಶಿವರಾತ್ರಿಯ ಉಪವಾಸಕ್ಕೂ ಹೊಂದಿಕೊಂಡಿತು. ಇವುಗಳಿಗಾಗಿ ಯಾರೂ ಒಡಂಬಡಿಕೆ ಮಾಡಿಕೊಳ್ಳಲಿಲ್ಲ, ಯಾರೂ ಜಮೀನು ಮೀಸಲಿಡಲಿಲ್ಲ, ಯಾವ ನಾಯಕನೂ ಬಂದರಿಗೆ ಹೋಗಿ ಗೆಣಸಿಗೆ ಹಾರ ಹಾಕಲಿಲ್ಲ. ಒಕ್ಕಲಿಗ ಒಂದು ಸಾಲು ಹಾಕಿ ನೋಡಿದ, ಬಂತು, ಮರುವರ್ಷ ಹತ್ತು ಸಾಲು ಹಾಕಿದ. ಅರಸ ಕೊಂಡ ಕುದುರೆ ವರ್ಷದೊಳಗೆ ಸತ್ತಿತು. ರೈತ ಪರೀಕ್ಷೆ ಮಾಡಿ ಒಪ್ಪಿಕೊಂಡ ಗಿಡ ಐದು ಶತಮಾನ ಉಂಡು ಉಣಿಸಿತು. ವಿದೇಶಿ ವ್ಯಾಪಾರದಿಂದ ನಾಡು ಬೆಳೆದದ್ದು ಹೌದು. ಆದರೆ ಬೆಳೆಸಿದವನ ಹೆಸರು ಒಪ್ಪಂದದ ಕಾಗದದ ಮೇಲೆ ಎಲ್ಲಿಯೂ ಇಲ್ಲ.

ಆಳುವವರಲ್ಲಿ ಇದನ್ನು ಅರಿತವರು ಇರಲೇ ಇಲ್ಲವೆಂದರೆ ಕೆಳದಿಯವರಿಗೆ ಅನ್ಯಾಯವಾಗುತ್ತದೆ. ಗೋವೆಯ ಬಲ ಹಡಗಿನಲ್ಲಿತ್ತು, ದೌರ್ಬಲ್ಯ ಹೊಟ್ಟೆಯಲ್ಲಿತ್ತು. ಪೋರ್ಚುಗೀಸರ ಗಂಜಿಗೆ ಬಸರೂರು, ಮಂಗಳೂರು ಕಡೆಯ ಅಕ್ಕಿಯೇ ಬೇಕು. ಕೆಳದಿಯ ನಾಯಕರು ಇದನ್ನು ಅರಿತು ಅಕ್ಕಿ, ಮೆಣಸುಗಳನ್ನೇ ಆಯುಧ ಮಾಡಿಕೊಂಡರು. ಶಿವಪ್ಪನಾಯಕ 1652-54ರ ಹೊತ್ತಿಗೆ ಹೊನ್ನಾವರ, ಬಸರೂರು, ಗಂಗೊಳ್ಳಿಯ ಪೋರ್ಚುಗೀಸ್ ಕೋಟೆಗಳನ್ನು ಕಿತ್ತು ಹಾಕಿದ. ಒಂದು ಕಡೆ ಡಚ್ಚರು, ಇನ್ನೊಂದು ಕಡೆ ಪೋರ್ಚುಗೀಸರು ಅಕ್ಕಿ, ಮೆಣಸಿಗಾಗಿ ಬಾಗಿಲಲ್ಲಿ ನಿಂತರು. ಇದೆಲ್ಲ ಸಾಧ್ಯವಾದದ್ದು ಅವನು ಮೊದಲು ಹೊಲ ಅಳೆದದ್ದರಿಂದ. ಭೂಮಿಯ ಗುಣ ನೋಡಿ ಕಂದಾಯ ಗೊತ್ತುಮಾಡಿದ ಅವನ ‘ಸಿಸ್ತು’ ಇಂದಿಗೂ ಮಲೆನಾಡಿನ ಮಾತಿನಲ್ಲಿದೆ. ಮನೆಯ ಕಣಜ ಎಷ್ಟೆಂದು ಗೊತ್ತಿದ್ದವನಿಗೆ ಬಂದರಿನಲ್ಲಿ ಚೌಕಾಸಿ ಮಾಡುವ ಧೈರ್ಯ ತಾನಾಗಿ ಬರುತ್ತದೆ.

ಗೋವೆಯ ಹೊಟ್ಟೆ ಇಂದಿಗೂ ಘಟ್ಟದ ಮೇಲಿನಿಂದಲೇ ತುಂಬುತ್ತದೆ. ಅಕ್ಕಿಯ ಜಾಗಕ್ಕೆ ಈಗ ಕೋಸು, ಟೊಮೇಟೊ, ಹಸಿಮೆಣಸು ಬಂದಿವೆ. ಬೆಳಗಾವಿಯ ಮಾರುಕಟ್ಟೆಯಲ್ಲಿ ನಸುಕಿಗೆ ತುಂಬಿದ ಗಾಡಿಗಳು ಜಾಂಬೋಟಿ, ಕಣಕುಂಬಿ ದಾಟಿ, ಖಾನಾಪುರದ ಕಾಡು ಸೀಳಿ, ಚೋರ್ಲಾ ಇಳಿದು ಹೋಗುತ್ತವೆ. ಮಳೆಗಾಲದಲ್ಲಿ ಘಾಟಿ ಕುಸಿದು ಭಾರಿ ವಾಹನ ಬಂದ್ ಎಂಬ ಬೋರ್ಡು ಬಿದ್ದರೆ ಪಣಜಿಯ ಹೋಟೆಲುಗಳಲ್ಲಿ ಪಾವ್‌ಭಾಜಿಯ ಭಾಜಿ ತೆಳುವಾಗುತ್ತದೆ. ಶಿವಪ್ಪನಾಯಕನ ಕೈಗೆ ಇಂಥ ಘಾಟಿ ಸಿಕ್ಕಿದ್ದರೆ ಗೋವೆಯ ಜೊತೆಗಿನ ಮಹದಾಯಿ ನೀರಿನ ಮಾತುಕತೆಗೆ ಕೋಸಿನ ಗಡ್ಡೆಯನ್ನೇ ಮೇಜಿನ ಮೇಲಿಟ್ಟು ಕೂರುತ್ತಿದ್ದ. ನಾವು ವಕೀಲರಿಗೆ ಫೀಸು ಕೊಡುತ್ತಿದ್ದೇವೆ. ಆ ಮಹದಾಯಿ ತಂಟೆಯ ಕಳಸಾ ನಾಲೆಯೂ ಇದೇ ಕಣಕುಂಬಿಯಲ್ಲೇ ಇದೆ. ತರಕಾರಿ ಗಾಡಿ ಅದರ ಪಕ್ಕದಿಂದಲೇ ದಿನಾ ಹಾರ್ನ್ ಹೊಡೆದು ಹೋಗುತ್ತದೆ, ಯಾರಿಗೂ ಕೇಳಿಸುವುದಿಲ್ಲ.

ಇನ್ನೊಬ್ಬ ಇದ್ದಾನೆ. ಹೆಸರು ಹೇಳಿದರೆ ಸದನ ಮುಂದೂಡುತ್ತಾರೆ, ಆದ್ದರಿಂದ ಮೆಲ್ಲಗೆ ಹೇಳುತ್ತೇನೆ: ಟಿಪ್ಪು. ರಾಜಕೀಯ ಪಕ್ಕಕ್ಕಿಟ್ಟು ಅವನ ಅಂಗಡಿಯನ್ನಷ್ಟೇ ನೋಡೋಣ. 1793-94ರಲ್ಲಿ ಅವನು ಸರ್ಕಾರವೇ ನಡೆಸುವ ವ್ಯಾಪಾರ ಸಂಸ್ಥೆಗೆ ನಿಯಮ ಬರೆದ. ಮಸ್ಕತ್ತಿನಲ್ಲಿ, ಕಚ್ಛದಲ್ಲಿ ಕೋಠಿ ತೆರೆದ. ಗಂಧ, ಮೆಣಸು, ಏಲಕ್ಕಿ ಸರ್ಕಾರದ ಕೈಯಿಂದಲೇ ಮಾರಾಟವಾಗಬೇಕು. ಪ್ರಜೆಗಳೂ ಹಣ ತೊಡಗಿಸಬಹುದಿತ್ತು, ಲಾಭದ ದರ ಕೇಳಿ: 500ರವರೆಗೆ ಹಾಕಿದ ಬಡವನಿಗೆ ಶೇ. 50, ಅಲ್ಲಿಂದ 5,000ದವರೆಗೆ ಶೇ. 25, ಅದಕ್ಕಿಂತ ಮೇಲಿನ ಸಾಹುಕಾರನಿಗೆ ಶೇ. 12. ಈಗಿನ ಚೀಟಿ ವ್ಯವಹಾರದವರೂ ಇಷ್ಟು ಹೇಳುತ್ತಾರೆ, ಓಡಿಹೋಗುವ ಮೊದಲು. ಅವನಲ್ಲಿ ಅತಿಯೂ ಇತ್ತು. ಮಂಗಳೂರು ತಗೊಂಡು ಬಸ್ರಾ ಕೊಡಿ ಎಂದು ತುರ್ಕಿಯ ಸುಲ್ತಾನನಿಗೆ ಹಡಗುಗಟ್ಟಲೆ ರಾಯಭಾರ ಕಳಿಸಿ ಬರಿಗೈಯಲ್ಲಿ ಮರಳಿದವರನ್ನು ಎಣಿಸಬೇಕಾಯಿತು. ಎಲ್ಲ ವ್ಯಾಪಾರವೂ ಸರ್ಕಾರದ್ದೇ ಆದಾಗ ಖಾಸಗಿ ವರ್ತಕನ ಗತಿ ಏನೆಂದು ಬೇರೆ ಹೇಳಬೇಕಿಲ್ಲ.

ಆದರೆ ಒಂದು ವಿಷಯದಲ್ಲಿ ಅವನು ಸಾಳುವ ನರಸಿಂಹನಿಗಿಂತ ಮುಂದಿದ್ದ. ರೇಷ್ಮೆ ಬೇಕಾದಾಗ ಬಟ್ಟೆ ತರಿಸಲಿಲ್ಲ, ಹುಳು ತರಿಸಿದ. ಬಂಗಾಳಕ್ಕೂ ಮಸ್ಕತ್ತಿಗೂ ಜನ ಕಳಿಸಿ, ಹುಳುವಿನ ಜೊತೆ ಸಾಕುವ ವಿದ್ಯೆಯನ್ನೂ ತರಿಸಿ, ರಾಜ್ಯದ 21 ಕಡೆ ಸಾಕಣೆಗೆ ಏರ್ಪಾಡು ಮಾಡಿಸಿದ. ರಾಜ್ಯ ಹೋಯಿತು, ಅರಸ ಹೋದ, ಹುಳು ಉಳಿಯಿತು. ರಾಮನಗರದ ಮಾರುಕಟ್ಟೆಯಲ್ಲಿ ಇಂದಿಗೂ ಗೂಡು ಹರಾಜಾಗುತ್ತಿದೆ. ಬಾಲ ತರಿಸುವವನಿಗೂ ಹುಳು ತರಿಸುವವನಿಗೂ ಇರುವ ಅಂತರವನ್ನು ಅರ್ಥಶಾಸ್ತ್ರದ ಪಠ್ಯದಲ್ಲಿ ‘ತಂತ್ರಜ್ಞಾನ ವರ್ಗಾವಣೆ’ ಎಂದು ಬರೆದು ಎರಡು ಅಂಕಕ್ಕೆ ಕೇಳುತ್ತಾರೆ.

ಇಷ್ಟೆಲ್ಲ ಪಾಠ ಕಲಿತ ನಾಡು ಈಗ ಏನು ಮಾಡುತ್ತಿದೆ? ಬೆಂಗಳೂರಿನ ಅರಮನೆ ಮೈದಾನದಲ್ಲಿ ಜಾಗತಿಕ ಹೂಡಿಕೆದಾರರ ಸಮಾವೇಶ ಮಾಡುತ್ತಿದೆ. ಮೈದಾನದ ಹೆಸರಿನಲ್ಲೇ ಅರಮನೆ ಇರುವುದು ಕಾಕತಾಳೀಯವಿರಬಹುದು. 2022ರ ಸಮಾವೇಶದಲ್ಲಿ ಘೋಷಣೆಯಾದದ್ದು ಸುಮಾರು 9.8 ಲಕ್ಷ ಕೋಟಿ ರೂಪಾಯಿಯ ಹೂಡಿಕೆ. 2025ರ ಫೆಬ್ರವರಿಯಲ್ಲಿ 10.27 ಲಕ್ಷ ಕೋಟಿ. ಒಪ್ಪಂದಪತ್ರವೆಂಬುದು ಹಡಗಿನಿಂದ ಇಳಿದ ಬಾಲ. ಕುದುರೆ ಹಿಂದೆ ಬರುತ್ತಿದೆ ಎಂಬುದಕ್ಕೆ ಅದು ಸಾಕ್ಷಿಯೇ ಹೊರತು ಕುದುರೆಯಲ್ಲ. ಕೆಲವು ಕುದುರೆ ನಿಜಕ್ಕೂ ಬರುತ್ತವೆ, ಸುಳ್ಳು ಹೇಳಬಾರದು. ಉಳಿದ ಬಾಲಗಳು ಫೋಟೋ ತೆಗೆಸಿಕೊಂಡು, ಮುಂದಿನ ಸಮಾವೇಶದ ಕೌಂಟರಿಗೆ ಕೂದಲು ಬಾಚಿಕೊಂಡು ಮತ್ತೆ ಹಾಜರಾಗುತ್ತವೆ. ಮಿಸ್ತ್ರಿಗೆ ಮೊದಲ ನೋಟಕ್ಕೆ ಬಂದ ಸಂಶಯ ಮಹಾಲೇಖಪಾಲರಿಗೆ ಬರಲು ವರ್ಷಗಳು ಬೇಕು.

ಬಾಲದ ಬೆಲೆಯನ್ನು ನಾವು ವರಹದಲ್ಲಿ ಕೊಡುವುದಿಲ್ಲ, ಜಮೀನಿನಲ್ಲಿ ಕೊಡುತ್ತೇವೆ. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ 28(1)ರಲ್ಲಿ ಮೊದಲ ಅಧಿಸೂಚನೆ, 28(4)ರಲ್ಲಿ ಕೊನೆಯ ಅಧಿಸೂಚನೆ. ಇವೆರಡರ ನಡುವೆ ರೈತ ಕಚೇರಿಗೆ ಅಲೆಯುತ್ತಾನೆ. ಅಲೆದಾಟಕ್ಕೆ ಕಾಯ್ದೆಯಲ್ಲಿ ಸೆಕ್ಷನ್ ಇಲ್ಲ. ದೇವನಹಳ್ಳಿಯ ರೈತರು ಸಾವಿರ ದಿನಕ್ಕೂ ಮೀರಿ ಧರಣಿ ಕೂತ ಮೇಲೆ, 2025ರ ಜುಲೈಯಲ್ಲಿ 1,777 ಎಕರೆಯ ಸ್ವಾಧೀನವನ್ನು ಕೈಬಿಡುವುದಾಗಿ ಸರ್ಕಾರ ಘೋಷಿಸಿತು. ವಿಮಾನದ ಬಿಡಿಭಾಗದ ಪಾರ್ಕಿಗೆಂದು ಗುರುತಿಸಿದ್ದ ಜಮೀನು ಅದು. ಹಿಂದಿನ ಕಾಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬೆಳೆ ಕೊಟ್ಟವನಿಗೆ ಹೊಲವಾದರೂ ಉಳಿಯುತ್ತಿತ್ತು ಎಂಬ ಸಮಾಧಾನವಿತ್ತು.

ವಿಚಿತ್ರವೆಂದರೆ, ವಿಮಾನದ ಬಿಡಿಭಾಗ ಈ ಜಿಲ್ಲೆಗೆ ಹೊಸದೇನಲ್ಲ. ಹುಕ್ಕೇರಿ ತಾಲೂಕಿನ ಹತ್ತರಗಿಯ ವಿಶೇಷ ಆರ್ಥಿಕ ವಲಯದಿಂದ ಏರ್‌ಬಸ್ ವಿಮಾನಗಳಿಗೆ ಬಿಡಿಭಾಗ ಹೋಗುತ್ತದೆ. ಉದ್ಯಮಬಾಗಿನ ಫೌಂಡ್ರಿಗಳ ಎರಕ ದೇಶ ದಾಟಿ ಹೋಗುತ್ತದೆ. ಒಂದು ಕಾಲಕ್ಕೆ ನಾಲು ಹೊಡೆಯುವವರನ್ನು ಹಡಗಿನಿಂದ ಇಳಿಯಗೊಡದ ಜಗತ್ತಿಗೆ ಈಗ ನಾವು ವಿಮಾನದ ನಾಲು ಮಾಡಿ ಕಳಿಸುತ್ತಿದ್ದೇವೆ. ಇದು ಆಕಾಶದಿಂದ ಇಳಿದ ಪವಾಡವಲ್ಲ. ಅಚ್ಚು ಕಟ್ಟುವವರು, ಲೇತ್ ಹಿಡಿದವರು, ಹಳೇ ಲಾರಿ ಬಿಚ್ಚಿ ವಿದ್ಯೆ ಕಲಿತವರು ಮೂರು ತಲೆಮಾರು ಈ ಊರಲ್ಲಿ ಕೈ ಕಪ್ಪು ಮಾಡಿಕೊಂಡದ್ದರ ಫಲ. ಖಾನಾಪುರದ ಮಣ್ಣನ್ನು ನಂಬಿದ ಕುಂಬಾರರದೂ ಅದೇ ಜಾತಿಯ ವಿದ್ಯೆ. ಆದರೆ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಇಳಿದ ಮಂತ್ರಿಗಳ ಕಾರು ಆಟೋ ನಗರದ ಕಡೆ ತಿರುಗುವುದು ಕೆಟ್ಟು ನಿಂತಾಗ ಮಾತ್ರ. ಅಲ್ಲಿ ಚರಂಡಿಗೆ, ಕರೆಂಟಿಗೆ, ರಸ್ತೆಗೆ ಅರ್ಜಿ ಕೊಟ್ಟವರಿಗೆ ‘ಅನುದಾನ ಬಂದಾಗ ನೋಡೋಣ’ ಎಂಬ ಉತ್ತರ. ಕಾರಣ, ಅವರು ಬಾಲ ತಂದಿಲ್ಲ, ಹೊರ್ಮುಜಿನಿಂದಲೂ ಬಂದಿಲ್ಲ. ಹುಟ್ಟಿದ್ದು ಸುಳಗಾದಲ್ಲೋ ಕಣಬರ್ಗಿಯಲ್ಲೋ ಆದವನಿಗೆ ಕೆಂಪು ಹಾಸು ಹಾಸಲು ನಿಯಮದಲ್ಲಿ ಅವಕಾಶವಿಲ್ಲ.

ಹಾಗಾದರೆ ಮಾಡಬೇಕಾದದ್ದೇನು ಎಂದು ಮಿಸ್ತ್ರಿಯನ್ನೇ ಕೇಳಿದೆ. ಅವನ ಗ್ಯಾರೇಜಿನ ಪದ್ಧತಿ ಹೀಗೆ: ತೆಗೆದ ಹಳೇ ಸಾಮಾನು ಗಿರಾಕಿಯ ಕಣ್ಣಿಗೆ ತೋರಿಸಬೇಕು, ಹಾಕಿದ ಹೊಸ ಸಾಮಾನು ತೋರಿಸಬೇಕು, ಹುಡುಗರಿಗೆ ಆ ಕೆಲಸ ಕಲಿಸಿಯೇ ಬಿಚ್ಚಿದ್ದನ್ನು ಕೂಡಿಸಬೇಕು, “ಗಾಡಿ ಚಾಲೂ ಆದ ಮ್ಯಾಲ ರೊಕ್ಕ ಎಣಸ್ರಿ. ಅದಕ್ಕೂ ಮೊದ್ಲ ಅಡ್ವಾನ್ಸ್ ಕೇಳಿದವ್ನ ಗ್ಯಾರೇಜಿಗೆ ನಾ ನನ್ನ ಸೈಕಲ್ಲೂ ಬಿಡಂಗಿಲ್ಲ.” ಸಾಳುವ ನರಸಿಂಹನಿಗೆ ಹೊಳೆಯದ, ಕೃಷ್ಣದೇವರಾಯ ಬರೆಯದ, ನಮ್ಮ ಇಲಾಖೆಗೆ ಬೇಡವಾದ ಕೈಗಾರಿಕಾ ನೀತಿ ಇದು. ಇದನ್ನು ಒಂದು ಹಾಳೆಯಲ್ಲಿ ಬರೆದು ಸರ್ಕಾರಕ್ಕೆ ಕಳಿಸಿದರೆ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ‘ಸಲಹೆ ಅತ್ಯಂತ ಉಪಯುಕ್ತವಾಗಿದೆ, ಇದರ ಸಾಧಕಬಾಧಕಗಳನ್ನು ಅಧ್ಯಯನ ಮಾಡಲು ಅಂತರರಾಷ್ಟ್ರೀಯ ಮಟ್ಟದ ಸಲಹಾ ಸಂಸ್ಥೆಯೊಂದನ್ನು ಜಾಗತಿಕ ಟೆಂಡರ್ ಮೂಲಕ ನೇಮಿಸಲಾಗುವುದು’ ಎಂದು ಷರಾ ಬರುತ್ತದೆ. ಅರ್ಧ ಫೀಸು ಮುಂಗಡ.